ಎರಡು ಡಿಗ್ರಿಯ ಅಂತರ

ಅಮರನಾಥದ ದಾರಿಗೆ ಒಂದು ಕಥೆಯಿದೆ. ಪಾರ್ವತಿಗೆ ಅಮರತ್ವದ ರಹಸ್ಯ ಹೇಳಲೆಂದು ಶಿವ ಯಾರೂ ಸುಳಿಯದ ಗುಹೆಯೊಂದನ್ನು ಹುಡುಕಿಕೊಂಡು ಹೊರಟನಂತೆ. ದಾರಿಯುದ್ದಕ್ಕೂ ತನ್ನ ಜೊತೆಗಿದ್ದವರನ್ನೆಲ್ಲ ಒಂದೊಂದು ಕಡೆ ಬಿಡುತ್ತ ಹೋದ. ಪಹಲ್ಗಾಮಿನಲ್ಲಿ ನಂದಿಯನ್ನು, ಚಂದನವಾಡಿಯಲ್ಲಿ ಜಟೆಯ ಚಂದ್ರನನ್ನು, ಶೇಷನಾಗದಲ್ಲಿ ಕೊರಳ ಹಾವುಗಳನ್ನು, ಮಹಾಗುಣಸ್ ಘಾಟಿಯಲ್ಲಿ ಮಗ ಗಣೇಶನನ್ನು ಬಿಟ್ಟ. ಪಂಚತರಣಿಗೆ ಬಂದಾಗ ಪಂಚಭೂತಗಳನ್ನೂ ಅಲ್ಲೇ ಬಿಟ್ಟು ಗುಹೆಗೆ ನಡೆದ.

ಶಿವನಿಗೆ ಅದು ಸಾಧ್ಯವಾಯಿತು. ಅದೇ ದಾರಿ ಹಿಡಿದ ಯಾತ್ರಿಕನಿಗೆ ಪಂಚಭೂತಗಳನ್ನು ಬಿಟ್ಟು ಹೋಗುವ ಶಕ್ತಿಯಿಲ್ಲ. ನೀರು ಮತ್ತು ಗಾಳಿ ಗುಹೆಯ ಬಾಗಿಲಿನವರೆಗೂ ಅವನ ಬೆನ್ನು ಬಿಡುವುದಿಲ್ಲ. 1996ರ ಆಗಸ್ಟ್ ತಿಂಗಳಲ್ಲಿ ಅವೆರಡೂ ಒಟ್ಟಿಗೇ ಬಂದವು.

ಆ ವರ್ಷ ಶ್ರಾವಣ ಹುಣ್ಣಿಮೆ ಆಗಸ್ಟ್ 28ಕ್ಕೆ ಬಿದ್ದಿತ್ತು. ಹಿಂದಿನ ಕೆಲವು ವರ್ಷ ಉಗ್ರಗಾಮಿಗಳ ಬೆದರಿಕೆಯಿಂದ ಯಾತ್ರೆ ಸೊರಗಿತ್ತು. ಆ ಸಲ ತೊಂದರೆ ಕೊಡುವುದಿಲ್ಲವೆಂಬ ಮಾತು ಬಂದದ್ದರಿಂದ ಜನ ಸಾಗರದಂತೆ ಬಂದರು. ಹುಣ್ಣಿಮೆಗೆ ಒಂದು ವಾರವಿರುವಾಗ, ಆಗಸ್ಟ್ 21ರ ಸುಮಾರಿಗೆ ಮಳೆ ಹಿಡಿಯಿತು. ಬಿಡಲಿಲ್ಲ. ಎತ್ತರದ ಜಾಗಗಳಲ್ಲಿ ಮಳೆಯ ಜೊತೆಗೆ ಹಿಮದ ಬಿರುಗಾಳಿ ಎದ್ದಿತು. ಸಾವಿರಾರು ಜನ ಕಡಿದಾದ ದಾರಿಯಲ್ಲಿ ಹಿಂದೆ ಹೋಗಲಾರದೆ, ಮುಂದೆಯೂ ಹೋಗಲಾರದೆ ಸಿಕ್ಕಿಕೊಂಡರು. ಸೇನೆಯವರೂ ಸ್ಥಳೀಯ ಕಾಶ್ಮೀರಿಗಳೂ ಕೈಲಾದಷ್ಟು ಜನರಿಗೆ ಆಸರೆ ಕೊಟ್ಟರು. ಆದರೂ ಮಳೆ ನಿಲ್ಲುವ ಹೊತ್ತಿಗೆ 240ಕ್ಕೂ ಹೆಚ್ಚು ಮಂದಿ ಪ್ರಾಣ ಬಿಟ್ಟಿದ್ದರು.

ಇಷ್ಟು ಜನ ಸತ್ತರೆಂದರೆ ಹಿಮ ಕುಸಿದು ಹೂತುಹೋಗಿರಬೇಕು, ಇಲ್ಲವೇ ಸೊನ್ನೆಗಿಂತ ಇಪ್ಪತ್ತು ಮೂವತ್ತು ಡಿಗ್ರಿ ಕೆಳಗಿನ ಚಳಿಯಿದ್ದಿರಬೇಕು ಎಂದು ಬಯಲುಸೀಮೆಯವರು ಭಾವಿಸುವುದು ಸಹಜ. ನಿಜ ಸಂಗತಿ ಬೇರೆ. ಹೆಚ್ಚಿನವರು ಸತ್ತದ್ದು ಚಳಿ ಮತ್ತು ದಣಿವಿನಿಂದ. ಅಂಥ ಸಾವಿಗೆ ಭಯಂಕರ ಚಳಿಯೇನೂ ಬೇಕಾಗಿಲ್ಲ. ಸೊನ್ನೆಗಿಂತ ಐದಾರು ಡಿಗ್ರಿ ಮೇಲಿದ್ದರೂ ಸಾಕು, ಮೈ ಒದ್ದೆಯಾಗಿ ಗಾಳಿಗೆ ಸಿಕ್ಕಿರಬೇಕು, ಅಷ್ಟೇ.

ಲೆಕ್ಕ ಹಾಕಿ ನೋಡಬಹುದು. ಸಾಂಪ್ರದಾಯಿಕ ದಾರಿ ಆರಂಭವಾಗುವ ಪಹಲ್ಗಾಮ್ ಸಮುದ್ರಮಟ್ಟದಿಂದ ಸುಮಾರು 2,200 ಮೀಟರ್ ಎತ್ತರದಲ್ಲಿದೆ. ಅಲ್ಲಿಂದ 16 ಕಿಲೊಮೀಟರ್ ದೂರದ ಚಂದನವಾಡಿಯವರೆಗೆ ವಾಹನ ಹೋಗುತ್ತದೆ. ಮುಂದಿನ ಸುಮಾರು 32 ಕಿಲೊಮೀಟರ್ ಕಾಲ್ನಡಿಗೆ, ಇಲ್ಲವೇ ಕುದುರೆ ಅಥವಾ ಡೋಲಿ. ಈ ದಾರಿಯಲ್ಲಿ ಶೇಷನಾಗ ದಾಟಿದ ಮೇಲೆ ಸಿಗುವ ಮಹಾಗುಣಸ್ ಘಾಟಿ 4,200 ಮೀಟರಿಗಿಂತಲೂ ಮೇಲಿದೆ. ಗುಹೆಯಿರುವುದು ಸುಮಾರು 3,900 ಮೀಟರ್ ಎತ್ತರದಲ್ಲಿ. ಒಂದು ಸಾವಿರ ಮೀಟರ್ ಏರಿದರೆ ಉಷ್ಣತೆ ಸರಾಸರಿ ಆರೂವರೆ ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ. ಪಹಲ್ಗಾಮಿನಲ್ಲಿ ಹಿತವಾದ 18 ಡಿಗ್ರಿ ಇರುವಾಗ ಮಹಾಗುಣಸ್‌ನಲ್ಲಿ ಇರುವುದು 5 ಡಿಗ್ರಿ. ಅದು ಬಿಸಿಲಿರುವ ದಿನದ ಮಾತು. ಮಳೆಮೋಡ ಕವಿದರೆ ಇನ್ನೂ ಇಳಿಯುತ್ತದೆ.

ಹವೆ ಹೀಗೆ ಕೆಡುವುದೂ ಅಪರೂಪವಲ್ಲ. ಮುಂಗಾರಿನ ತೇವ ತುಂಬಿದ ಗಾಳಿ ಸಾಮಾನ್ಯವಾಗಿ ಪೀರ್ ಪಂಜಾಲ್ ಬೆಟ್ಟಸಾಲಿನ ದಕ್ಷಿಣಕ್ಕೇ ಬಹುಪಾಲು ಬರಿದಾಗುತ್ತದೆ. ಆದ್ದರಿಂದ ಕಾಶ್ಮೀರ ಕಣಿವೆಗೆ ನಮ್ಮಲ್ಲಿಯಂಥ ಮಳೆಗಾಲವಿಲ್ಲ. ಆದರೆ ಪಶ್ಚಿಮದಿಂದ ಬರುವ ವಾಯುಭಾರ ಕುಸಿತವೊಂದು ಆ ಮುಂಗಾರಿನ ಗಾಳಿಯನ್ನು ಸಂಧಿಸಿತೆಂದರೆ ಎರಡು ಮೂರು ದಿನ ಎಡೆಬಿಡದೆ ಸುರಿಯುತ್ತದೆ. ನಾಲ್ಕು ಸಾವಿರ ಮೀಟರ್ ಮೇಲೆ ಅದೇ ಮಳೆ ಆಗಸ್ಟ್ ತಿಂಗಳಲ್ಲೂ ಹಿಮವಾಗಿ ಬೀಳಬಹುದು.

ಮನುಷ್ಯನ ದೇಹದ ಒಳಗಿನ ಉಷ್ಣತೆ ಸುಮಾರು 37 ಡಿಗ್ರಿ. ಅದು 35ಕ್ಕಿಂತ ಕೆಳಗಿಳಿದರೆ ವೈದ್ಯರು ಅದನ್ನು ಹೈಪೊಥರ್ಮಿಯ ಎನ್ನುತ್ತಾರೆ, ಅಂದರೆ ದೇಹದ ಶಾಖ ಕುಸಿದ ಸ್ಥಿತಿ. ಕ್ಷೇಮಕ್ಕೂ ಅಪಾಯಕ್ಕೂ ನಡುವೆ ಇರುವುದು ಕೇವಲ ಎರಡು ಡಿಗ್ರಿ. ಆ ಎರಡು ಡಿಗ್ರಿ ಕಳೆದುಕೊಳ್ಳಲು ಎಷ್ಟು ನೀರು ಬೇಕು?

ಬೇಸಿಗೆಯಲ್ಲಿ ಮಣ್ಣಿನ ಹೂಜಿಯ ನೀರು ತಣ್ಣಗಿರುವುದು ಎಲ್ಲರಿಗೂ ಗೊತ್ತು. ಹೂಜಿಯ ಸಣ್ಣ ರಂಧ್ರಗಳಿಂದ ಜಿನುಗಿದ ನೀರು ಹೊರಮೈಯಲ್ಲಿ ಆವಿಯಾಗುತ್ತದೆ. ಆವಿಯಾಗಲು ಬೇಕಾದ ಶಾಖವನ್ನು ಅದು ಒಳಗಿನ ನೀರಿನಿಂದಲೇ ಎಳೆದುಕೊಳ್ಳುತ್ತದೆ. ಪ್ರೌಢಶಾಲೆಯ ಪುಸ್ತಕ ಇದನ್ನು ಗುಪ್ತೋಷ್ಣ ಎಂದು ಕರೆಯುತ್ತದೆ. ಗಾಳಿ ಬೀಸುವ ಕಿಟಕಿಯಲ್ಲಿಟ್ಟ ಹೂಜಿ ಇನ್ನೂ ಚೆನ್ನಾಗಿ ತಣಿಯುತ್ತದೆ. ಒದ್ದೆ ಬಟ್ಟೆ ಉಟ್ಟು ಗಾಳಿಗೆ ನಿಂತ ಮನುಷ್ಯನೂ ಒಂದು ಹೂಜಿಯೇ. ವ್ಯತ್ಯಾಸವೆಂದರೆ ಹೂಜಿ ತಣ್ಣಗಾದರೆ ಲಾಭ, ಮನುಷ್ಯ ತಣ್ಣಗಾದರೆ ಸಾವು.

ಚರ್ಮದ ಮೇಲೆ ಒಂದು ಲೀಟರ್ ನೀರು ಆವಿಯಾಗಬೇಕಾದರೆ ಸುಮಾರು 580 ಕಿಲೊಕ್ಯಾಲೊರಿ ಶಾಖ ಬೇಕು. ಅರುವತ್ತು ಕಿಲೊ ತೂಕದ ಮನುಷ್ಯನ ದೇಹ ಒಂದು ಡಿಗ್ರಿ ತಣಿಯಲು ಅದು ಸುಮಾರು 50 ಕಿಲೊಕ್ಯಾಲೊರಿ ಕಳೆದುಕೊಳ್ಳಬೇಕು, ಎರಡು ಡಿಗ್ರಿಗೆ 100. ಅಂದರೆ 170 ಮಿಲಿಲೀಟರಿನಷ್ಟು ನೀರು ಆವಿಯಾಗಿ ಹೋದರೆ ಅದು ಕೊಂಡೊಯ್ಯುವ ಶಾಖ ಎರಡು ಡಿಗ್ರಿಗೆ ಸಮ. ಮನೆಗೆ ಬಂದವರಿಗೆ ಕೊಡುವ ಒಂದು ಲೋಟ ನೀರು ಅದು. ಮಳೆಯಲ್ಲಿ ತೊಯ್ದ ಷರ್ಟು, ಪ್ಯಾಂಟು, ಬನಿಯನ್ನು, ಹತ್ತಿಯ ಶಾಲು ಎಲ್ಲ ಸೇರಿ ಒಂದು ಲೀಟರಿಗೂ ಹೆಚ್ಚು ನೀರು ಹಿಡಿದಿಟ್ಟುಕೊಂಡಿರುತ್ತವೆ.

ಹಾಗಿದ್ದರೆ ಮಳೆಯಲ್ಲಿ ನೆನೆದವರೆಲ್ಲ ಸಾಯಬೇಕಲ್ಲ ಎಂದು ಕೇಳಬಹುದು. ಸಾಯುವುದಿಲ್ಲ, ಏಕೆಂದರೆ ದೇಹ ಸುಮ್ಮನೆ ಕೂತಿರುವುದಿಲ್ಲ. ವಿಶ್ರಾಂತಿಯಲ್ಲಿರುವಾಗಲೂ ಅದು ಗಂಟೆಗೆ ಎಪ್ಪತ್ತರಷ್ಟು ಕಿಲೊಕ್ಯಾಲೊರಿ ಶಾಖ ಉತ್ಪಾದಿಸುತ್ತಿರುತ್ತದೆ. ಏರು ಹತ್ತುವಾಗ ಅದರ ನಾಲ್ಕೈದು ಪಟ್ಟು. ಮಲೆನಾಡಿನ ಗದ್ದೆಯಲ್ಲಿ ಆಷಾಢದ ಮಳೆಗೆ ಇಡೀ ದಿನ ನೆಂದುಕೊಂಡೇ ನಾಟಿ ಮಾಡುವವರಿಗೆ ಏನೂ ಆಗುವುದಿಲ್ಲ. ಅಲ್ಲಿನ ಮಳೆ ಇಪ್ಪತ್ತು ಡಿಗ್ರಿಯ ಆಸುಪಾಸಿನದು, ಕೈಕಾಲು ಸದಾ ಆಡುತ್ತಿರುತ್ತವೆ, ಸಂಜೆಗೆ ಬಚ್ಚಲೊಲೆಯ ಬಿಸಿನೀರು ಕಾದಿರುತ್ತದೆ. ‘ಮಳೆ ನಮಗೇನು ಹೊಸದೇ’ ಎಂದುಕೊಂಡು ಹಿಮಾಲಯಕ್ಕೆ ಹೋಗುವವರ ಲೆಕ್ಕ ತಪ್ಪುವುದು ಇಲ್ಲೇ. ಅಲ್ಲಿ ಮಳೆಯ ನೀರೇ ಸೊನ್ನೆಯ ಹತ್ತಿರದ್ದು. ಗಾಳಿಯ ಒತ್ತಡ ಸಮುದ್ರಮಟ್ಟದಲ್ಲಿರುವುದರ ನೂರಕ್ಕೆ ಅರುವತ್ತರಷ್ಟು ಮಾತ್ರ. ಉಸಿರಿಗೆ ಸಿಗುವ ಆಮ್ಲಜನಕವೂ ಅಷ್ಟೇ. ಬೇಗ ದಣಿವಾಗುತ್ತದೆ, ಹಸಿವು ಸತ್ತಿರುತ್ತದೆ. ಉರುವಲಿಲ್ಲದ ಒಲೆಯಂತೆ ದೇಹ ಶಾಖ ಹುಟ್ಟಿಸಲಾರದು. ಇಂಥ ಹೊತ್ತಿನಲ್ಲಿ ದಾರಿ ಕಟ್ಟಿಕೊಂಡು ಸಾಲು ನಿಂತುಬಿಟ್ಟರೆ, ನಡಿಗೆಯಿಂದ ಬರುತ್ತಿದ್ದ ಶಾಖವೂ ನಿಲ್ಲುತ್ತದೆ.

ಗಾಳಿಯದು ಇನ್ನೊಂದು ಲೆಕ್ಕ. ಮೈಗೆ ಅಂಟಿದಂತೆ ತೆಳುವಾದ ಬೆಚ್ಚನೆಯ ಗಾಳಿಯ ಪದರವೊಂದು ಇರುತ್ತದೆ. ಬೀಸುಗಾಳಿ ಅದನ್ನು ಕಿತ್ತೊಯ್ಯುತ್ತದೆ. ಐದು ಡಿಗ್ರಿ ಚಳಿಯಲ್ಲಿ ಗಂಟೆಗೆ 40 ಕಿಲೊಮೀಟರ್ ವೇಗದ ಗಾಳಿ ಬೀಸಿದರೆ ಬರಿಮೈಗೆ ಅದು ಸೊನ್ನೆಗಿಂತ ಒಂದು ಡಿಗ್ರಿ ಕೆಳಗಿನ ಚಳಿಯಂತೆ ತಟ್ಟುತ್ತದೆ. ಉಷ್ಣತೆ ಸೊನ್ನೆಗೆ ಇಳಿದರೆ ಅದೇ ಗಾಳಿ ಸೊನ್ನೆಗಿಂತ ಏಳು ಡಿಗ್ರಿ ಕೆಳಗಿನಂತೆ ಕೊರೆಯುತ್ತದೆ. ಇದು ಒಣ ಚರ್ಮದ ಲೆಕ್ಕ. ನೀರು ಗಾಳಿಗಿಂತ ಇಪ್ಪತ್ತಕ್ಕೂ ಹೆಚ್ಚು ಪಟ್ಟು ಒಳ್ಳೆಯ ಉಷ್ಣವಾಹಕ. ಆದ್ದರಿಂದ ತೊಯ್ದ ಮೈಯಿಂದ ಶಾಖ ಸೋರುವುದು ಇನ್ನೂ ಬೇಗ. ಮಳೆ ಸುರಿಯುವಾಗ ತಣ್ಣೀರು ಮೈಯ ಶಾಖವನ್ನು ತೊಳೆದೊಯ್ಯುತ್ತದೆ. ಮಳೆ ನಿಂತು ಗಾಳಿ ಬೀಸಿದಾಗ ಆವಿಯಾಗುವ ಕೆಲಸ ಜೋರಾಗುತ್ತದೆ. ‘ಅಬ್ಬ, ಮಳೆ ನಿಂತಿತು’ ಎಂದು ಬಂಡೆಯ ಮೇಲೆ ಕುಳಿತು ನಿಟ್ಟುಸಿರು ಬಿಡುವ ಹೊತ್ತೇ ಹಲವರಿಗೆ ಅಪಾಯದ ಹೊತ್ತು.

ಮಳೆಯೇ ಬರಬೇಕೆಂದೂ ಇಲ್ಲ. ಚಂದನವಾಡಿ ದಾಟಿದೊಡನೆ ಪಿಸ್ಸು ಘಾಟಿಯ ಕಡಿದಾದ ಏರು. ಬೆಚ್ಚಗಿರಲೆಂದು ಇದ್ದ ಬಟ್ಟೆಯನ್ನೆಲ್ಲ ಒಟ್ಟಿಗೇ ತೊಟ್ಟು ಹತ್ತುವವರ ಬನಿಯನ್ನು ಅರ್ಧ ದಾರಿಯಲ್ಲೇ ಬೆವರಿನಿಂದ ತೊಯ್ದಿರುತ್ತದೆ. ಮೇಲೆ ಹೋಗಿ ನಿಂತಾಗ ಹೊರಗಿನ ಮಳೆಯ ಕೆಲಸವನ್ನು ಒಳಗಿನ ಬೆವರು ಮಾಡುತ್ತದೆ. ಬೆಟ್ಟ ಬಲ್ಲವರು ಹತ್ತುವಾಗ ಒಂದು ಬಟ್ಟೆ ಕಡಿಮೆ ತೊಟ್ಟು, ನಿಂತೊಡನೆ ಅದನ್ನು ಹಾಕಿಕೊಳ್ಳುತ್ತಾರೆ.

ಬಟ್ಟೆಯ ವಿಷಯದಲ್ಲಿ ಕುರಿ ಕಾಯುವವರಿಂದ ಕಲಿಯುವುದಿದೆ. ಬಟ್ಟೆ ಬೆಚ್ಚಗಿಡುವುದು ತನ್ನ ಎಳೆಗಳ ನಡುವೆ ಹಿಡಿದಿಟ್ಟ ಗಾಳಿಯಿಂದ. ಹತ್ತಿ ಒದ್ದೆಯಾದರೆ ಎಳೆಗಳು ಒಂದಕ್ಕೊಂದು ಅಂಟಿ, ಗಾಳಿಯ ಜಾಗದಲ್ಲಿ ನೀರು ತುಂಬಿ, ಬಟ್ಟೆ ಮೈಗೆ ಮೆತ್ತಿಕೊಳ್ಳುತ್ತದೆ. ಉಣ್ಣೆಯ ಎಳೆ ಗುಂಗುರು. ತೊಯ್ದರೂ ಪೂರ್ತಿ ಮಲಗುವುದಿಲ್ಲ. ತನ್ನ ತೂಕದ ಸುಮಾರು ಮೂರನೆಯ ಒಂದು ಭಾಗ ತೇವವನ್ನು ಅದು ಎಳೆಯ ಒಳಗೇ ಹೀರಿಕೊಳ್ಳಬಲ್ಲದು. ನಮ್ಮ ಕುರುಬರು ಕರಿಕಂಬಳಿಯನ್ನು ಕೊಪ್ಪೆ ಮಾಡಿ ತಲೆಯ ಮೇಲೆ ಹೊದ್ದು ಮಳೆಯಲ್ಲಿ ಹಿಂಡಿನ ಹಿಂದೆ ನಡೆಯುವುದು ಸುಮ್ಮನೆ ಅಲ್ಲ. ಕಾಶ್ಮೀರದ ಕುರಿಗಾಹಿಗಳೂ ಉಣ್ಣೆಯನ್ನೇ ಹೊದೆಯುತ್ತಾರೆ. ಅಮರನಾಥದ ಗುಹೆಯನ್ನು ಹೊರಗಿನವರಿಗೆ ತೋರಿಸಿಕೊಟ್ಟವನು ಬೂಟಾ ಮಲಿಕ್ ಎಂಬ ಮುಸಲ್ಮಾನ ಕುರಿಗಾಹಿ ಎಂಬ ಕಥೆ ಅಲ್ಲಿ ಪ್ರಚಲಿತವಾಗಿದೆ. ಬೆಟ್ಟದಲ್ಲಿ ಸಾಧುವೊಬ್ಬ ಅವನಿಗೆ ಒಂದು ಚೀಲ ಇದ್ದಿಲು ಕೊಟ್ಟನಂತೆ. ಮನೆಗೆ ಹೋಗಿ ಬಿಚ್ಚಿ ನೋಡಿದರೆ ಅದು ಚಿನ್ನವಾಗಿತ್ತಂತೆ. ಆ ಎತ್ತರದಲ್ಲಿ ರಾತ್ರಿ ಕಳೆದವರಿಗೆ ಇದ್ದಿಲೇ ಚಿನ್ನವೆಂಬುದು ಬೇಗ ಅರ್ಥವಾಗುತ್ತದೆ.

ಶಾಖ ಕುಸಿಯುವುದು ಹಂತ ಹಂತವಾಗಿ. ಮೊದಲು ಮೈ ಗಡಗಡ ನಡುಗುತ್ತದೆ. ನಡುಕ ಕಾಯಿಲೆಯಲ್ಲ. ಸ್ನಾಯುಗಳನ್ನು ಕುಣಿಸಿ ಶಾಖ ಹುಟ್ಟಿಸುವ ದೇಹದ ಪ್ರಯತ್ನ ಅದು. ಆಮೇಲೆ ಬೆರಳುಗಳು ಮಾತು ಕೇಳುವುದಿಲ್ಲ. ಷರ್ಟಿನ ಗುಂಡಿ ಹಾಕಲು, ಚೀಲದ ಹಗ್ಗ ಬಿಚ್ಚಲು ಆಗುವುದಿಲ್ಲ. ನಾಲಗೆ ತೊದಲುತ್ತದೆ, ಕಾಲು ಎಡವುತ್ತದೆ. ಮುಂದೆ ಬುದ್ಧಿ ಮಂಕಾಗಿ ಆ ಮನುಷ್ಯ ಸಿಡುಕುತ್ತಾನೆ, ‘ನನ್ನನ್ನು ಇಲ್ಲೇ ಬಿಡಿ, ಸ್ವಲ್ಪ ಮಲಗುತ್ತೇನೆ’ ಎನ್ನುತ್ತಾನೆ. ಉಷ್ಣತೆ 32 ಡಿಗ್ರಿಯ ಆಸುಪಾಸಿಗೆ ಬಂದಾಗ ನಡುಕ ನಿಲ್ಲುತ್ತದೆ. ಪಕ್ಕದವರು ‘ಸದ್ಯ, ಸುಧಾರಿಸಿಕೊಂಡ’ ಎಂದುಕೊಳ್ಳುತ್ತಾರೆ. ವಾಸ್ತವವಾಗಿ ದೇಹ ಹೋರಾಟ ಕೈಬಿಟ್ಟಿದೆ. ಕೊನೆಯ ಹಂತದಲ್ಲಿ ಕೆಲವರು ಸೆಕೆಯೆಂದು ಮೈಮೇಲಿನ ಬಟ್ಟೆಯನ್ನೇ ಕಿತ್ತೆಸೆಯುವುದೂ ಉಂಟು.

ಈ ಸ್ಥಿತಿಯ ದೊಡ್ಡ ಮೋಸವೆಂದರೆ ಅದು ತಗುಲಿದವನಿಗೆ ಗೊತ್ತಾಗುವುದಿಲ್ಲ. ಚಳಿ ಮೊದಲು ಕದಿಯುವುದು ಅವನ ವಿವೇಚನೆಯನ್ನು. ಆದ್ದರಿಂದ ಅದನ್ನು ಗುರುತಿಸಬೇಕಾದವರು ಜೊತೆಗಾರರು. ಗಂಡನನ್ನು ಹೆಂಡತಿ, ಅತ್ತೆಯನ್ನು ಸೊಸೆ, ತಂದೆಯನ್ನು ಮಗ ನೋಡಿಕೊಳ್ಳಬೇಕು. ಅರ್ಧ ಗಂಟೆಗೊಮ್ಮೆ ಮಾತನಾಡಿಸಬೇಕು, ಗುಂಡಿ ಹಾಕಲು ಹೇಳಬೇಕು. ಬಿರುಸಾಗಿ ನಡೆಯುವವರು ದರ್ಶನದ ಆತುರದಲ್ಲಿ ಮುಂದೆ ಹೋಗಿ, ವಯಸ್ಸಾದವರು ಹಿಂದೆ ಒಂಟಿಯಾಗಿ ಉಳಿಯುವುದು ಎಲ್ಲ ಯಾತ್ರೆಗಳಲ್ಲೂ ಕಾಣುವ ದೃಶ್ಯ. ಬಿರುಗಾಳಿಯ ದಿನ ಹೀಗೆ ಗುಂಪು ಚದುರುವುದಕ್ಕಿಂತ ದೊಡ್ಡ ಅಪಾಯವಿಲ್ಲ.

ಹೀಗಾದಾಗ ಮಾಡಬೇಕಾದ್ದು ಸರಳ. ಮೊದಲು ಗಾಳಿಯ ಮರೆಗೆ, ಸಾಧ್ಯವಾದರೆ ಗುಡಾರದೊಳಕ್ಕೆ ಕರೆದೊಯ್ಯಬೇಕು. ಸಂಕೋಚ ಬದಿಗಿಟ್ಟು ಒದ್ದೆ ಬಟ್ಟೆಯನ್ನೆಲ್ಲ ತೆಗೆದು ಒಣಬಟ್ಟೆ, ಕಂಬಳಿ ಹೊದಿಸಬೇಕು. ಮೇಲೆ ಎಷ್ಟು ಹೊದಿಸಿದರೂ ನೆಲದ ತಣ್ಣನ್ನು ತಡೆಯಲು ಕೆಳಗೂ ಹಾಸಬೇಕು. ಎಚ್ಚರವಿದ್ದು ನುಂಗುವ ಶಕ್ತಿಯಿದ್ದರೆ ಸಕ್ಕರೆ ಹಾಕಿದ ಬಿಸಿ ಚಹಾ ಗುಟುಕು ಗುಟುಕಾಗಿ ಕುಡಿಸಬಹುದು. ಇನ್ನೊಬ್ಬರ ಮೈಯ ಶಾಖವೂ ಒಳ್ಳೆಯ ಔಷಧ. ಬ್ರಾಂದಿ ಕೊಡುವುದು ತಪ್ಪು. ಅದು ಚರ್ಮದ ರಕ್ತನಾಳಗಳನ್ನು ಹಿಗ್ಗಿಸಿ ಒಳಗಿನ ಶಾಖವನ್ನು ಹೊರಗೆ ಚೆಲ್ಲುತ್ತದೆ. ಕೈಕಾಲುಗಳನ್ನು ಜೋರಾಗಿ ಉಜ್ಜುವುದೂ, ಎಚ್ಚರ ತಪ್ಪುವವನನ್ನು ಎಬ್ಬಿಸಿ ಬಲವಂತವಾಗಿ ನಡೆಸುವುದೂ ಅಪಾಯ. ತಣ್ಣಗಾದ ಹೃದಯ ಸಣ್ಣ ಕುಲುಕಾಟಕ್ಕೂ ಲಯ ತಪ್ಪಬಹುದು. ಮೈ ಕೊರಡಿನಂತಾಗಿ ನಾಡಿ ಸಿಗದಿದ್ದರೂ ಸತ್ತನೆಂದು ಬಿಟ್ಟುಬಿಡಬಾರದು. ಬೆಚ್ಚಗಾದ ಮೇಲೆ ಬದುಕಿ ಬಂದವರಿದ್ದಾರೆ.

1996ರ ದುರಂತದ ನಂತರ ಸರ್ಕಾರ ನಿತೀಶ್ ಸೇನ್‌ಗುಪ್ತ ಅವರ ನೇತೃತ್ವದಲ್ಲಿ ಸಮಿತಿಯೊಂದನ್ನು ನೇಮಿಸಿತು. ಯಾತ್ರಿಕರ ಸಂಖ್ಯೆಯನ್ನು ಒಂದು ಲಕ್ಷಕ್ಕೆ ಮಿತಿಗೊಳಿಸಬೇಕು, ವಯಸ್ಸಿನ ಮಿತಿ ಇರಬೇಕು, ದೇಹದಾರ್ಢ್ಯ ನೋಡಿ ಕಳಿಸಬೇಕು ಎಂದು ಸಮಿತಿ ಸಲಹೆ ಮಾಡಿತು. 2000ದ ಕಾಯ್ದೆಯ ಮೂಲಕ ಅಮರನಾಥ ದೇವಸ್ಥಾನ ಮಂಡಳಿ ರಚನೆಯಾಯಿತು. ದಾರಿಯಲ್ಲಿನ ಸಾವುಗಳನ್ನು ಕಂಡು 2012ರಲ್ಲಿ ಸುಪ್ರೀಂ ಕೋರ್ಟ್ ತಾನಾಗಿಯೇ ಪ್ರಕರಣ ಕೈಗೆತ್ತಿಕೊಂಡಿತು. ಈಗ ವೈದ್ಯರ ಪ್ರಮಾಣಪತ್ರವಿಲ್ಲದೆ ನೋಂದಣಿ ಇಲ್ಲ. 13 ವರ್ಷಕ್ಕಿಂತ ಕಿರಿಯರಿಗೂ 70 ದಾಟಿದವರಿಗೂ ಅನುಮತಿ ಇಲ್ಲ. ಉಣ್ಣೆ ಬಟ್ಟೆ, ಮಳೆಯಂಗಿ, ನೀರಿಳಿಯದ ಬೂಟು ತನ್ನಿ, ಸೀರೆ ಈ ದಾರಿಗೆ ತಕ್ಕ ಉಡುಪಲ್ಲ ಎಂದು ಮಂಡಳಿಯೇ ಹೇಳುತ್ತದೆ. ಆದರೆ ಒಂದು ಲಕ್ಷದ ಮಿತಿ ಉಳಿಯಲಿಲ್ಲ. 2023ರಿಂದ 2025ರವರೆಗೆ ಪ್ರತಿ ವರ್ಷವೂ ಯಾತ್ರಿಕರ ಸಂಖ್ಯೆ ನಾಲ್ಕು ಲಕ್ಷ ಮೀರಿತು. 2024ರಲ್ಲಿ ಐದು ಲಕ್ಷವನ್ನೂ ದಾಟಿತು.

ಬೆಟ್ಟ ಮಾತ್ರ ಬದಲಾಗಿಲ್ಲ. 2022ರ ಜುಲೈ 8ರ ಸಂಜೆ ಗುಹೆಯ ಬಳಿ ದಿಢೀರ್ ಪ್ರವಾಹ ನುಗ್ಗಿ ಗುಡಾರಗಳನ್ನು ಕೊಚ್ಚಿಕೊಂಡು ಹೋಯಿತು. ಕನಿಷ್ಠ 15 ಮಂದಿ ಸತ್ತರು. ಎಲ್ಲರೂ ಮೇಘಸ್ಫೋಟವೆಂದರು. ಹವಾಮಾನ ಇಲಾಖೆಯ ಅಳತೆಯಂತೆ ಆ ಸಂಜೆ ನಾಲ್ಕೂವರೆಯಿಂದ ಆರೂವರೆವರೆಗೆ ಅಲ್ಲಿ ಬಿದ್ದ ಮಳೆ 31 ಮಿಲಿಮೀಟರ್. ಮೇಘಸ್ಫೋಟವೆನ್ನಲು ಗಂಟೆಗೆ 100 ಮಿಲಿಮೀಟರ್ ಬೀಳಬೇಕು. ಆಗುಂಬೆಯವರು ಗಮನಿಸದೆ ಬಿಡುವಂಥ ಮಳೆ ಅದು. ಅದೇ ಮಳೆ ಬೋಳು ಬಂಡೆಗಳ ಇಳಿಜಾರಿನಲ್ಲಿ ಇಳಿದಾಗ ಹದಿನೈದು ಜೀವ ತೆಗೆದುಕೊಂಡಿತು. ಆ ಎತ್ತರದಲ್ಲಿ ಕೊಲ್ಲುವ ಅಂಕಿಗಳು ಯಾವಾಗಲೂ ಸಣ್ಣವೇ. ಮೂವತ್ತೊಂದು ಮಿಲಿಮೀಟರ್, ಐದು ಡಿಗ್ರಿ, ಒಂದು ಲೋಟ ನೀರು.

ಹವಾಮಾನ ಮುನ್ಸೂಚನೆ 1996ಕ್ಕೆ ಹೋಲಿಸಿದರೆ ಬಹಳ ಸುಧಾರಿಸಿದೆ. ಡಾಪ್ಲರ್ ರೇಡಾರುಗಳು ಮೋಡ ಕಟ್ಟುವುದನ್ನು ಮೊದಲೇ ತೋರಿಸುತ್ತವೆ. ಮಳೆ ಜೋರಾದರೆ ಯಾತ್ರೆಯನ್ನು ತಡೆಯುತ್ತಾರೆ. 2025ರಲ್ಲಿ ಆಗಸ್ಟ್ 9ರವರೆಗೆ ನಡೆಯಬೇಕಿದ್ದ ಯಾತ್ರೆಯನ್ನು ಮಳೆಯಿಂದ ದಾರಿ ಹಾಳಾದ ಕಾರಣ 3ನೆಯ ತಾರೀಖಿಗೇ ಮುಗಿಸಲಾಯಿತು. ಹೀಗೆ ತಡೆದಾಗ ಗೊಣಗುವವರ ಸಂಕಟವನ್ನು ತಿಳಿಯದೆ ಇರಲಾಗದು. ವರ್ಷಗಟ್ಟಲೆ ದುಡ್ಡು ಕೂಡಿಟ್ಟು, ರಜೆ ಹಾಕಿ, ಹರಕೆ ಹೊತ್ತು, ರೈಲಿನಲ್ಲಿ ಮೂರು ದಿನ ಬಂದವರಿಗೆ ‘ಇಲ್ಲಿಂದ ಹಿಂದಿರುಗಿ’ ಎಂದರೆ ದೇವರೇ ಬಾಗಿಲು ಹಾಕಿದಂತೆ ಕಾಣುತ್ತದೆ. ಹಿಂದಿರುಗಿದರೆ ಊರಿನಲ್ಲಿ ಏನೆನ್ನುವರೋ ಎಂಬ ಅಳುಕೂ ಇರುತ್ತದೆ. ಆ ಅಳುಕಿನಿಂದಲೇ ಎಷ್ಟೋ ಜನ ‘ಇನ್ನೊಂದು ಮೈಲಿ ತಾನೇ’ ಎಂದು ಮುಂದೆ ನಡೆಯುತ್ತಾರೆ. ಮಂಜಿನ ಲಿಂಗ ಈ ವರ್ಷ ಕರಗಿದರೂ ಮುಂದಿನ ವರ್ಷ ಮತ್ತೆ ಮೂಡುತ್ತದೆ. ಮನೆಯ ಯಜಮಾನನೋ ತಾಯಿಯೋ ದಾರಿಯಲ್ಲಿ ಉಳಿದರೆ ಮತ್ತೆ ಬರುವುದಿಲ್ಲ. ಅರ್ಧ ದಾರಿಯಿಂದ ಹಿಂದಿರುಗಿ ಬಂದವರನ್ನು ಹಾಸ್ಯ ಮಾಡದೆ ಬರಮಾಡಿಕೊಳ್ಳುವುದು ಊರಿನವರ ಕರ್ತವ್ಯವೂ ಹೌದು.

ಹೊರಡುವವರು ಚೀಲ ಕಟ್ಟುವಾಗ ಒಂದು ಕೆಲಸ ಮಾಡಬೇಕು. ಒಂದು ಜೊತೆ ಉಣ್ಣೆಯ ಒಳ‌ಉಡುಪು, ಒಂದು ಸ್ವೆಟರು, ಒಂದು ಜೊತೆ ಕಾಲುಚೀಲ, ತಲೆಗೆ ಒಂದು ಮಂಕಿ ಟೊಪ್ಪಿ ಇವನ್ನು ದಪ್ಪ ಪ್ಲಾಸ್ಟಿಕ್ ಚೀಲದೊಳಗಿಟ್ಟು ಬಾಯಿ ಬಿಗಿಯಾಗಿ ಕಟ್ಟಬೇಕು. ಆ ಗಂಟನ್ನು ಕುದುರೆಯ ಮೇಲೆ ಹಾಕದೆ ತಮ್ಮ ಬೆನ್ನ ಮೇಲೇ ಇಟ್ಟುಕೊಳ್ಳಬೇಕು. ಕುದುರೆ ಮುಂದೆ ಹೋಗಿಬಿಡುತ್ತದೆ. ದಾರಿಯಲ್ಲಿ ಎಷ್ಟೇ ಚಳಿಯಾದರೂ ನಡೆಯುತ್ತಿರುವಾಗ ಅದನ್ನು ಬಿಚ್ಚಬಾರದು. ರಾತ್ರಿ ಗುಡಾರ ಸೇರಿದ ಮೇಲೆ, ಇಲ್ಲವೇ ಜೊತೆಯವರೊಬ್ಬರ ಬೆರಳು ಗುಂಡಿ ಹಾಕಲಾರದೆ ತಡವರಿಸಿದಾಗ, ಆಗ ಬಿಚ್ಚಬೇಕು.